ತಟ್ಟೆ ಮಗುಚಿ ಕೇಳಿ: ಮರೆತುಹೋದ ಬೀಟ್ ಬ್ಯಾಂಡ್‌ಗಳ ಹುಡುಕಾಟ

ಪ್ರಶ್ನೆ: ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಕಿಂಕ್ಸ್ ಹಾಡುಗಳನ್ನು ಕೇಳಿಕೊಂಡೇ ಬೆಳೆದವನು ನಾನು. ಅದೇ ಕಾಲದಲ್ಲಿ ನೂರಾರು ಸಣ್ಣ ಬ್ಯಾಂಡ್‌ಗಳಿದ್ದವು ಎಂದು ಓದಿ ಸ್ಟ್ರೀಮಿಂಗ್‌ನಲ್ಲಿ ಹುಡುಕಲು ಹೊರಟೆ. ಇಪ್ಪತ್ತು ಹಾಡು ದಾಟುವಷ್ಟರಲ್ಲಿ ಎಲ್ಲವೂ ಒಂದೇ ಥರ ಕೇಳಿಸತೊಡಗಿತು. ಇವರನ್ನು ಜನ ಮರೆತದ್ದೇ ಸರಿಯೋ, ಇಲ್ಲ ನಾನು ಕೇಳುವ ಕ್ರಮವೇ ತಪ್ಪೋ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡೂ ಅರ್ಧರ್ಧ ನಿಜ. ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 1963ರಿಂದ 67ರ ನಡುವೆ ಹೊರಬಂದ ಬೀಟ್ (ಬೀಟಲ್ಸ್ ಥರದ ಗಿಟಾರ್ ಪಾಪ್) ಸಿಂಗಲ್‌ಗಳಲ್ಲಿ ಬಹುಪಾಲು ಸಾಧಾರಣ. ಬೀಟಲ್ಸ್ ಗೆದ್ದದ್ದೇ ತಡ, ಗಿಟಾರ್ ಹಿಡಿದ ಯಾವ ನಾಲ್ವರು ಸಿಕ್ಕರೂ ಸರಿ, ರೆಕಾರ್ಡ್ ಕಂಪನಿಗಳು ಸ್ಟುಡಿಯೋಗೆ ಎಳೆದು ತಂದವು. ಅವೇ ಅಮೆರಿಕನ್ ರಿದಮ್ ಅಂಡ್ ಬ್ಲೂಸ್ ಹಾಡುಗಳು, ಅದೇ ಹಾರ್ಮೋನಿಕಾ, ಅದೇ 'ಯೇ ಯೇ'. ಅಂಥವನ್ನು ಸಾಲಾಗಿ ಇಪ್ಪತ್ತು ಕೇಳಿದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯುತ್ತದೆ. ನನಗೂ ಹಿಡಿದಿತ್ತು. ವರ್ಷಗಳ ಹಿಂದೆ ನಾಲ್ಕು ಸಿಡಿಗಳ ಬಾಕ್ಸ್ ಸೆಟ್ ಒಂದನ್ನು ತಂದು ಎರಡೇ ದಿನದಲ್ಲಿ ಕೇಳಿ ಮುಗಿಸಿದೆ. ನೂರಕ್ಕೂ ಹೆಚ್ಚು ಹಾಡು. ಮೂರನೆಯ ದಿನ ಒಂದರ ರಾಗವೂ ನೆನಪಿರಲಿಲ್ಲ. ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲ ಅನ್ನಿ.

ನಾನು ಎಡವಿದ್ದು ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಈ ಬ್ಯಾಂಡ್‌ಗಳು ಬದುಕಿದ್ದೇ ಸಿಂಗಲ್ ಎಂಬ ಏಳು ಇಂಚಿನ ಗ್ರಾಮಫೋನ್ ತಟ್ಟೆಯ ಮೇಲೆ. ಒಂದು ಬದಿಗೆ ಎರಡೂವರೆ ನಿಮಿಷ, ಮಗುಚಿದರೆ ಇನ್ನೊಂದು ಎರಡೂವರೆ ನಿಮಿಷ. ಅಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಿ ಎದ್ದು ಹೋಗಬೇಕು. ಕೊಂಡವರು ಅದೊಂದನ್ನೇ ವಾರಗಟ್ಟಲೆ ಹಾಕಿ ಹಾಕಿ ಕೇಳುತ್ತಿದ್ದರು. ನಾವು ಆಲ್ಬಂ ಎಂಬ ಅಳತೆಗೋಲು ಹಿಡಿದು ಹೋಗುತ್ತೇವೆ. 'ಇವರ ಒಳ್ಳೆಯ ಆಲ್ಬಂ ಯಾವುದು?' ಎಂದು ಕೇಳುತ್ತೇವೆ. ಎಷ್ಟೋ ಬ್ಯಾಂಡ್‌ಗಳ ಮಟ್ಟಿಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಪೆರುವಿನ ಲಿಮಾ ನಗರದ ಲೋಸ್ ಸೈಕೋಸ್ 1960ರ ದಶಕದ ನಡುವಿನಲ್ಲಿ ಆರು ಸಿಂಗಲ್ ಮಾಡಿ ಮುಗಿಸಿಬಿಟ್ಟರು, ಎಲ್‌ಪಿ (ಇಡೀ ಆಲ್ಬಂ ಹಿಡಿಸುವ ದೊಡ್ಡ ತಟ್ಟೆ) ಒಂದೂ ಇಲ್ಲ. ಲಂಡನ್ನಿನ ದಿ ಆಕ್ಷನ್ ಗುಂಪಿಗೆ ಪ್ರೊಡ್ಯೂಸರ್ (ರೆಕಾರ್ಡಿಂಗ್ ನಡೆಸಿಕೊಡುವವರು) ಆಗಿದ್ದವರು ಸಾಕ್ಷಾತ್ ಜಾರ್ಜ್ ಮಾರ್ಟಿನ್, ಬೀಟಲ್ಸ್‌ನ ಮಾರ್ಟಿನ್ನೇ. ಐದು ಸಿಂಗಲ್ ಹೊರಬಂದವು, ಒಂದೂ ಓಡಲಿಲ್ಲ, ಆಲ್ಬಂ ಬರಲೇ ಇಲ್ಲ. ಅವರ ಹಾಡುಗಳು ಎಲ್‌ಪಿಯಾಗಿ ಒಂದೆಡೆ ಸೇರಲು 1980ರವರೆಗೆ ಕಾಯಬೇಕಾಯಿತು.

ಹಾಗಾಗಿ ನನ್ನ ಮೊದಲ ಸಲಹೆ: ದಿನಕ್ಕೆ ಒಂದೇ ಸಿಂಗಲ್, ಎರಡೂ ಬದಿ. ಸಾಧ್ಯವಾದರೆ ಹಿಂಬದಿಯನ್ನು ಮೊದಲು ಕೇಳಿ.

ಹಿಂಬದಿ ಯಾಕೆ ಅಂದರೆ, ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಎ-ಸೈಡಿಗೆ, ಅಂದರೆ ಮುಂಬದಿಗೆ, ಯಾವ ಹಾಡು ಎಂಬುದು ಸಾಮಾನ್ಯವಾಗಿ ಮ್ಯಾನೇಜರ್, ಪ್ರೊಡ್ಯೂಸರ್ ಮತ್ತು ಕಂಪನಿಯವರ ತೀರ್ಮಾನ. ಅಮೆರಿಕದಲ್ಲಿ ಗೆದ್ದ ಹಾಡೋ, ವೃತ್ತಿಪರ ಗೀತರಚನೆಕಾರರು ಕೊಟ್ಟದ್ದೋ ಅಲ್ಲಿ ಕೂರುತ್ತಿತ್ತು. ತಟ್ಟೆ ಮಾರಾಟವಾದಾಗ ಹಾಡು ಬರೆದವರಿಗೆ ಬರುವ ರಾಯಲ್ಟಿ ಮಾತ್ರ ಎರಡೂ ಬದಿಗೆ ಒಂದೇ. ಹಿಂಬದಿಯನ್ನು ಯಾರೂ ಕೇಳದಿದ್ದರೂ ದುಡ್ಡು ಬರುತ್ತದೆ! ಆದ್ದರಿಂದ ಆ ಜಾಗದಲ್ಲಿ ಬ್ಯಾಂಡಿನ ಹುಡುಗರು (ಎಷ್ಟೋ ಸಲ ಪ್ರೊಡ್ಯೂಸರ್ ತಾನೇ) ಸ್ವಂತ ಹಾಡು ತುರುಕುತ್ತಿದ್ದರು. ಮೂರು ಗಂಟೆಯ ಸ್ಟುಡಿಯೋ ಅವಧಿಯಲ್ಲಿ ಎ-ಸೈಡ್ ಮುಗಿದ ಮೇಲೆ ಉಳಿದ ಸಮಯದಲ್ಲಿ ಅದರ ರೆಕಾರ್ಡಿಂಗ್. ಮೇಲೆ ನಿಂತು ನೋಡುವವರಿಲ್ಲ, ತಿದ್ದುವವರಿಲ್ಲ. ಗಿಟಾರ್ ವಾದಕ ಆಂಪ್ಲಿಫೈಯರನ್ನು ಕೊನೆಯವರೆಗೂ ತಿರುಗಿಸುತ್ತಿದ್ದದ್ದು ಅಲ್ಲೇ. ಟ್ರಾಗ್ಸ್ ಗುಂಪಿನ 'ವೈಲ್ಡ್ ಥಿಂಗ್' ನಿಮಗೆ ಗೊತ್ತಿರುತ್ತದೆ. 1966ರದ್ದು, ಬರೆದವರು ಚಿಪ್ ಟೇಲರ್ ಎಂಬ ಅಮೆರಿಕನ್. ಬ್ರಿಟಿಷ್ ತಟ್ಟೆಯ ಹಿಂಬದಿಯಲ್ಲಿ 'ಫ್ರಮ್ ಹೋಮ್' ಇದೆ, ಅದು ಗಾಯಕ ರೆಗ್ ಪ್ರೆಸ್ಲಿಯ ಸ್ವಂತದ್ದು. ಮುಂಬದಿಯ ಒರಟುತನ ಸಾಲದು ಅನ್ನುವವರಿಗೆ ಅದು.

ಇನ್ನು ಕೇಳುವ ಕಿವಿಯ ಮಾತು. 'ಎಲ್ಲಾ ಒಂದೇ ಥರ' ಅನ್ನಿಸುವುದು ದೂರದಿಂದ ನೋಡಿದಾಗ. ಹತ್ತಿರ ಹೋದರೆ ಪ್ರತಿಯೊಂದು ತಟ್ಟೆಯಲ್ಲೂ ಒಂದು ಕೋಣೆ ಇದೆ, ಆ ಕೋಣೆಯಲ್ಲಿ ಜನ ಇದ್ದಾರೆ. ಲಿವರ್‌ಪೂಲ್‌ನ ಸರ್ಚರ್ಸ್ ಹಾಡಿದ 'ನೀಡಲ್ಸ್ ಅಂಡ್ ಪಿನ್ಸ್' ತೆಗೆದುಕೊಳ್ಳಿ. 1964ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿದ ಹಾಡು, ಅದಕ್ಕೂ ಮೊದಲು ಜಾಕಿ ಡಿಶಾನನ್ ಹಾಡಿದ್ದದ್ದು. ಹೆಡ್‌ಫೋನ್ ಹಾಕಿಕೊಂಡು ಶುರುವಿನಿಂದಲೇ ಕಿವಿಗೊಡಿ. ಗಿಟಾರುಗಳ ಕಿಣಿಕಿಣಿಯ ಕೆಳಗೆ 'ಕಿಚ್... ಕಿಚ್' ಎಂದು ಏನೋ ಕಿರುಗುಟ್ಟುತ್ತದೆ. ಎಣ್ಣೆ ಕಾಣದ ಬಾಗಿಲಿನ ಹಾಗೆ. ಅದು ಡ್ರಮ್ಮರ್‌ನ ಕಾಲಿನ ಕೆಳಗಿದ್ದ ಪೆಡಲ್. ಅದನ್ನು ಹಾಗೆಯೇ ಬಿಟ್ಟು ತಟ್ಟೆ ಅಚ್ಚು ಹಾಕಿದರು, ಅದು ಲಕ್ಷಗಟ್ಟಲೆ ಮಾರಾಟವಾಯಿತು. ಆ ಕಿಣಿಕಿಣಿಯೂ ಸ್ವಲ್ಪ ಮೋಸದ್ದೇ. ಹನ್ನೆರಡು ತಂತಿಯ ಗಿಟಾರ್ ಎಂದು ಎಲ್ಲರೂ ಅಂದುಕೊಂಡರು. ವಾಸ್ತವವಾಗಿ ಇಬ್ಬರು ಆರು ತಂತಿಯ ಗಿಟಾರಿನಲ್ಲಿ ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸಿ, ಮೇಲೆ ಒಂದಿಷ್ಟು ಎಕೋ ಸುರಿದದ್ದು. ಇನ್ನು ಗಾಯಕ ಮೈಕ್ ಪೆಂಡರ್ 'ಪಿನ್ಸ್' ಅನ್ನುವುದನ್ನು 'ಪಿನ್ಸಾ' ಎಂದೇ ಹಾಡುತ್ತಾರೆ. ಬಸ್ ಎಂದು ನಿಲ್ಲಿಸಲಾರದೆ 'ಬಸ್ಸು' ಅನ್ನುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಬೇಕಿಲ್ಲ. ಈ ಮೂರು ಸಂಗತಿ ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ಹಾಡು ಇನ್ನೊಂದು ಹಾಡಿನಂತೆ ಕೇಳಿಸಲು ಸಾಧ್ಯವೇ ಇಲ್ಲ.

ಹತ್ತಿರದಿಂದ ಕೇಳುವುದಕ್ಕೆ ಇನ್ನೊಂದು ಹೇಳಿಮಾಡಿಸಿದ ತಟ್ಟೆ ಹನಿಕೋಂಬ್ಸ್‌ರದ್ದು. 1964ರ 'ಹ್ಯಾವ್ ಐ ದಿ ರೈಟ್' ರೆಕಾರ್ಡ್ ಆದದ್ದು ದೊಡ್ಡ ಸ್ಟುಡಿಯೋದಲ್ಲಲ್ಲ, ಲಂಡನ್ನಿನ 304, ಹಾಲೊವೇ ರೋಡ್‌ನಲ್ಲಿ ಚರ್ಮದ ಸಾಮಾನಿನ ಅಂಗಡಿಯ ಮೇಲಿದ್ದ ಮನೆಯಲ್ಲಿ. ಮನೆಯೇ ಸ್ಟುಡಿಯೋ, ಒಡೆಯ ಜೋ ಮೀಕ್. ಡ್ರಮ್ಮಿನ ಪೆಟ್ಟು ಸಾಲದು ಅನ್ನಿಸಿ ಆತ ಬ್ಯಾಂಡಿನವರನ್ನು ಮರದ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಕಾಲಿನಿಂದ ದಬದಬ ತುಳಿಸಿದ. ಮೈಕುಗಳನ್ನು ಮೆಟ್ಟಿಲಿನ ಕಟಾಂಜನಕ್ಕೆ ಸೈಕಲ್ ಕ್ಲಿಪ್ಪುಗಳಿಂದ ಸಿಕ್ಕಿಸಿದ್ದ. ಪಲ್ಲವಿಯಲ್ಲಿ ಬರುವ ಆ ದಂಡಿನ ನಡಿಗೆಯ ಸದ್ದು ಅದೇ. ಡ್ರಮ್ಸ್ ನುಡಿಸುತ್ತಿದ್ದವಳು ಹನಿ ಲ್ಯಾಂಟ್ರಿ ಎಂಬ ಹುಡುಗಿ. ಆ ಕಾಲಕ್ಕೆ ಅದೇ ಒಂದು ಸುದ್ದಿ, ಪತ್ರಿಕೆಗಳು ಅವಳ ನುಡಿಸಾಣಿಕೆಗಿಂತ ಅವಳ ಕೂದಲಿನ ಬಗ್ಗೆಯೇ ಹೆಚ್ಚು ಬರೆದವು. ಮೀಕ್ 1967ರಲ್ಲಿ ತೀರಿಕೊಂಡ ಮೇಲೆ ಅವನ ಟೇಪುಗಳು ಚಹಾ ಪೆಟ್ಟಿಗೆಗಳಲ್ಲಿ ತುಂಬಿ ದಶಕಗಳ ಕಾಲ ಹಾಗೆಯೇ ಬಿದ್ದಿದ್ದವು. ಸಾವಿರದ ಎಂಟುನೂರಕ್ಕೂ ಹೆಚ್ಚು ಟೇಪುಗಳು. 2020ರಲ್ಲಿ ಚೆರಿ ರೆಡ್ ಎಂಬ ಕಂಪನಿ ಅವನ್ನು ಕೊಂಡಿತು. ಅಲ್ಲಿಂದೀಚೆಗೆ ಒಂದೊಂದಾಗಿ ಹೊರಬರುತ್ತಿವೆ. ಅಂದರೆ ಈ ಹುಡುಕಾಟದಲ್ಲಿ 'ಹಳೆಯ' ಹಾಡು ಎಂದರೆ ಈವರೆಗೆ ಯಾರೂ ಕೇಳದ ಹಾಡೂ ಇರಬಹುದು.

ಬ್ಯಾಂಡಿನ ಹೆಸರು ಹಿಡಿದು ಹುಡುಕಬೇಡಿ. ಹೆಸರುಗಳು ಸಾವಿರ ಇವೆ, ಎಲ್ಲಕ್ಕೂ ಒಂದು ಪ್ರಾಣಿಯದ್ದೋ ಹೂವಿನದ್ದೋ ಹೆಸರು. ಅದರ ಬದಲು ಪ್ರೊಡ್ಯೂಸರ್ ಯಾರು ಎಂದು ನೋಡಿ. ನಿಮಗೆ ಕಿಂಕ್ಸ್ ಇಷ್ಟ ಅಂದಿರಿ. ಅವರ ಮೊದಮೊದಲ ಹಿಟ್‌ಗಳನ್ನು ಮಾಡಿದವರು ಶೆಲ್ ಟಾಲ್ಮಿ ಎಂಬ ಅಮೆರಿಕನ್, ದಿ ಹೂ ಗುಂಪಿನ ಆರಂಭದ ಸಿಂಗಲ್‌ಗಳೂ ಅವರವೇ. ಆ ಎಳೆ ಹಿಡಿದು ಹೋದರೆ ದಿ ಕ್ರಿಯೇಷನ್ ಸಿಗುತ್ತಾರೆ. 1966ರ 'ಮೇಕಿಂಗ್ ಟೈಮ್' ಕೇಳಿ. ಗಿಟಾರ್ ಸೋಲೋ ಬರಬೇಕಾದ ಜಾಗದಲ್ಲಿ ತಗಡಿನ ಮೇಲೆ ಗರಗಸ ಎಳೆದಂಥ ಸದ್ದು ಬರುತ್ತದೆ. ಎಡ್ಡಿ ಫಿಲಿಪ್ಸ್ ಎಲೆಕ್ಟ್ರಿಕ್ ಗಿಟಾರನ್ನು ಪಿಟೀಲಿನ ಕಮಾನಿನಿಂದ ನುಡಿಸುತ್ತಿದ್ದಾರೆ. ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್ ಅದೇ ಕಮಾನಿನಿಂದ ಲೋಕಪ್ರಸಿದ್ಧರಾಗುವುದಕ್ಕೂ ಮುಂಚಿನ ಮಾತಿದು. ಕ್ರಿಯೇಷನ್ ಬ್ರಿಟನ್ನಿನಲ್ಲಿ ಹೆಚ್ಚು ಓಡಲಿಲ್ಲ, ಜರ್ಮನಿಯಲ್ಲಿ ಓಡಿದರು. ಅವರ 'ಪೇಂಟರ್ ಮ್ಯಾನ್' ಅನ್ನು ಮುಂದೆ ಬೋನಿ ಎಂ ಡಿಸ್ಕೋ ಮಾಡಿ ಹಾಡಿದರು. ಬಹುಶಃ ನೀವು ಅದನ್ನು ಕೇಳಿ, ಇದು ಯಾರದ್ದೆಂದು ಯೋಚಿಸದೆ ಬಿಟ್ಟಿರುತ್ತೀರಿ. 1983ರಲ್ಲಿ ಶುರುವಾಗಿ ಮುಂದೆ ಓಯಸಿಸ್ ಗುಂಪಿನ ತಟ್ಟೆಗಳನ್ನು ತಂದ ಕ್ರಿಯೇಷನ್ ರೆಕಾರ್ಡ್ಸ್ ಹೆಸರು ತೆಗೆದುಕೊಂಡದ್ದೂ ಇವರಿಂದಲೇ.

'ಮರೆತದ್ದೇ ಸರಿಯೋ' ಎಂದಿರಲ್ಲ, ಅದಕ್ಕೆ ಬರುತ್ತೇನೆ. ಚೆನ್ನಾಗಿಲ್ಲದ್ದಕ್ಕೆ ಮರೆತದ್ದು ಬಹಳ ಇದೆ, ಒಪ್ಪಿದೆ. ಹರಾಜಿನಲ್ಲಿ ಭಾರೀ ಬೆಲೆ ಬರುವ ಅಪರೂಪದ ತಟ್ಟೆಗಳನ್ನು ನಂಬಲೇಬೇಡಿ. ಅಪರೂಪ ಅಂದರೆ ಯಾರೂ ಕೊಳ್ಳಲಿಲ್ಲ ಎಂದಷ್ಟೇ ಅರ್ಥ, ಕೆಲವು ಸಲ ಕೊಳ್ಳದಿದ್ದವರೇ ಜಾಣರು. ಆದರೆ ಹಾಡಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಕಳೆದುಹೋದದ್ದೂ ಅಷ್ಟೇ ಇದೆ. ಮೆಂಫಿಸ್‌ನ ಬಿಗ್ ಸ್ಟಾರ್ ಕಥೆ ಕೇಳಿ. ಅಲೆಕ್ಸ್ ಚಿಲ್ಟನ್ ಹದಿನಾರರ ವಯಸ್ಸಿಗೇ ಬಾಕ್ಸ್ ಟಾಪ್ಸ್ ಗುಂಪಿನಲ್ಲಿ 'ದಿ ಲೆಟರ್' ಹಾಡಿ 1967ರಲ್ಲಿ ಅಮೆರಿಕದ ಒಂದನೇ ಸ್ಥಾನ ಕಂಡಿದ್ದವರು. ಆಮೇಲೆ ಕ್ರಿಸ್ ಬೆಲ್ ಜೊತೆ ಸೇರಿ ಸ್ಟುಡಿಯೋ ಎದುರಿಗಿದ್ದ ದಿನಸಿ ಅಂಗಡಿಯ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡರು. 1972ರ ಮೊದಲ ಆಲ್ಬಂಗೆ ಇಟ್ಟ ಹೆಸರಿನ ಅರ್ಥ 'ನಂಬರ್ ಒನ್ ರೆಕಾರ್ಡ್'. ವಿಮರ್ಶಕರು ಹೊಗಳಿ ಬರೆದರು. ಓದಿದವರು ಅಂಗಡಿಗೆ ಹೋದರೆ ತಟ್ಟೆಯೇ ಇಲ್ಲ! ವಿತರಣೆ ಸ್ಟ್ಯಾಕ್ಸ್ ಕಂಪನಿಯದ್ದು, ಅದಕ್ಕೆ ಇಂಥ ಗಿಟಾರ್ ಪಾಪ್ ಮಾರಿ ಅಭ್ಯಾಸವಿಲ್ಲ. ಆಮೇಲೆ ವಿತರಣೆ ಕೊಲಂಬಿಯಾ ಕೈಗೆ ಹೋಯಿತು, ಅಲ್ಲಿ ಇವರನ್ನು ಕೇಳುವವರೇ ಇರಲಿಲ್ಲ. ಕೆಲವೇ ಸಾವಿರ ಪ್ರತಿಗಳಿಗೆ ಕಥೆ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಪಾಪ್ ಇತಿಹಾಸದಲ್ಲಿ ನನಗೆ ಗೊತ್ತಿಲ್ಲ. ಬೆಲ್ ಮನನೊಂದು ಬ್ಯಾಂಡ್ ಬಿಟ್ಟರು, 1978ರ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, 27ನೇ ವಯಸ್ಸಿಗೆ. ತಮ್ಮ ಹಾಡುಗಳನ್ನು ಮುಂದೆ ಆರ್‌ಇಎಂ, ರಿಪ್ಲೇಸ್‌ಮೆಂಟ್ಸ್‌ನಂಥವರು ಎದೆಗಪ್ಪಿಕೊಳ್ಳುವುದನ್ನು ನೋಡಲಿಲ್ಲ. 1974ರ ಎರಡನೇ ಆಲ್ಬಂನಲ್ಲಿರುವ 'ಸೆಪ್ಟೆಂಬರ್ ಗರ್ಲ್ಸ್' ಮೂರು ನಿಮಿಷವೂ ಇಲ್ಲ. ಕೇಳಿ, ಆಮೇಲೆ ಮರೆತದ್ದು ಸರಿಯೇ ಎಂದು ನೀವೇ ಹೇಳಿ.

ಝಾಂಬೀಸ್ ಅಷ್ಟು ಅಪರಿಚಿತರಲ್ಲ, ಆದರೂ ಅವರ ಕಥೆ ಬಿಡಲಾಗದು. ಅವರ ಎರಡನೇ ಆಲ್ಬಂ 'ಒಡಿಸಿ ಅಂಡ್ ಒರಾಕಲ್' 1967ರಲ್ಲಿ ಬಹುಪಾಲು ಆಬ್ಬಿ ರೋಡ್ ಸ್ಟುಡಿಯೋದಲ್ಲೇ ತಯಾರಾಯಿತು. ಕಂಪನಿ ಕೊಟ್ಟದ್ದು ಸಾವಿರ ಪೌಂಡ್. ಮುಗಿದ ಮೇಲೆ ಸ್ಟೀರಿಯೋ ಮಿಕ್ಸ್ ಬೇಕು ಅಂದರು, ಅದರ ಖರ್ಚನ್ನು ಬ್ಯಾಂಡಿನ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ಜೇಬಿನಿಂದ ಭರಿಸಿದರು. ಮುಖಪುಟ ಬರೆದ ಗೆಳೆಯ 'ಒಡಿಸಿ' ಪದದ ಇಂಗ್ಲಿಷ್ ಕಾಗುಣಿತವನ್ನೇ ತಪ್ಪು ಬರೆದ, ಹಾಗೆಯೇ ಅಚ್ಚಾಯಿತು. 1968ರ ಏಪ್ರಿಲ್‌ನಲ್ಲಿ ಅದು ಬಿಡುಗಡೆಯಾಗುವ ಹೊತ್ತಿಗೆ ಬ್ಯಾಂಡೇ ಒಡೆದಿತ್ತು. ಮರುವರ್ಷ ಅದರ ಕೊನೆಯ ಹಾಡು 'ಟೈಮ್ ಆಫ್ ದಿ ಸೀಸನ್' ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. ಹಾಡಿಗೆ ಬೇಡಿಕೆ, ಹಾಡಿದವರು ನಾಪತ್ತೆ. ಹೀಗಾದಾಗ ಏನಾಗಬೇಕೋ ಅದೇ ಆಯಿತು. ನಕಲಿ ಝಾಂಬೀಸ್ ಗುಂಪುಗಳು ಅಮೆರಿಕ ಸುತ್ತತೊಡಗಿದವು. ಟೆಕ್ಸಾಸ್‌ನ ಒಂದು ನಕಲಿ ಗುಂಪಿನಲ್ಲಿದ್ದ ಇಬ್ಬರು ಹುಡುಗರು ಡಸ್ಟಿ ಹಿಲ್ ಮತ್ತು ಫ್ರ್ಯಾಂಕ್ ಬಿಯರ್ಡ್, ಮುಂದೆ ಝಡ್‌ಝಡ್ ಟಾಪ್ ಆದವರು.

ಸಂಕಲನಗಳ ಬಗ್ಗೆ ಒಂದೆರಡು ಮಾತು. ಎಲ್ಲದರ ತಾಯಿಬೇರು 'ನಗೆಟ್ಸ್', 1972ರಲ್ಲಿ ಎಲೆಕ್ಟ್ರಾ ಕಂಪನಿ ತಂದದ್ದು. ಅಮೆರಿಕದ ಗ್ಯಾರೇಜ್ (ಮನೆಯ ಕಾರ್ ಷೆಡ್ಡಿನಲ್ಲಿ ಅಭ್ಯಾಸ ಮಾಡುವಂಥ ಹವ್ಯಾಸಿ) ಬ್ಯಾಂಡ್‌ಗಳ 27 ಹಾಡುಗಳನ್ನು ಆರಿಸಿದವರು ಲೆನ್ನಿ ಕೇ, ಮುಂದೆ ಪ್ಯಾಟಿ ಸ್ಮಿತ್ ಜೊತೆ ಗಿಟಾರ್ ನುಡಿಸಿದವರು. ಅದರಲ್ಲಿನ ಹಾಡುಗಳಿಗೆ ಆಗ ಆಗಿದ್ದ ವಯಸ್ಸು ನಾಲ್ಕರಿಂದ ಎಂಟು ವರ್ಷ ಅಷ್ಟೇ! ಅಷ್ಟರೊಳಗೆ ಲೋಕ ಅವನ್ನು ಮರೆತು 'ಅಗೆದು ತೆಗೆಯಬೇಕಾದ' ಸರಕಾಗಿತ್ತು. ಪಾಪ್‌ನ ನೆನಪು ಅಷ್ಟು ಗಿಡ್ಡ. 2001ರಲ್ಲಿ ಬಂದ ಇದರ ಎರಡನೇ ದೊಡ್ಡ ಪೆಟ್ಟಿಗೆ ಅಮೆರಿಕದ ಆಚೆಯ ಬ್ಯಾಂಡ್‌ಗಳಿಗೆ ಮೀಸಲು, ನಿಮ್ಮ ರುಚಿಗೆ ಅದೇ ಸರಿ. ಬ್ರಿಟನ್ನಿನ ಗಡುಸು ಬೀಟ್‌ಗೆ ಈಗ ಎಲ್ಲರೂ ಬಳಸುವ 'ಫ್ರೀಕ್‌ಬೀಟ್' ಎಂಬ ಹೆಸರೂ ಆ ಕಾಲದ್ದಲ್ಲ, 80ರ ದಶಕದಲ್ಲಿ ಫಿಲ್ ಸ್ಮೀ ಎಂಬ ಸಂಗ್ರಾಹಕ ಇಟ್ಟದ್ದು. 60ರ ದಶಕದ ಯಾವ ಹುಡುಗನೂ ತಾನು ಫ್ರೀಕ್‌ಬೀಟ್ ನುಡಿಸುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಸಂಕಲನ ಸರಣಿಗಳಲ್ಲಿ ಐದಾರು ಭಾಗ ದಾಟಿದ ಮೇಲೆ ಸಿಗುವುದು ಪಾತ್ರೆಯ ತಳ ಕೆರೆದದ್ದು, ಅದಕ್ಕೆ ಆತುರ ಬೇಡ.

ಸ್ಟ್ರೀಮಿಂಗ್‌ನಲ್ಲಿ ನಿಮಗೆ ಬೇಸರ ಬರಲು ಇನ್ನೂ ಕೆಲವು ಕಾರಣ ಇರಬಹುದು, ಅವು ನಿಮ್ಮ ತಪ್ಪಲ್ಲ. 60ರ ದಶಕದ ಎಷ್ಟೋ ಗುಂಪುಗಳು 70–80ರ ದಶಕದಲ್ಲಿ ಅಗ್ಗದ ಲೇಬಲ್‌ಗಳಿಗಾಗಿ ಹಳೆಯ ಹಿಟ್‌ಗಳನ್ನು ಮತ್ತೆ ಹಾಡಿ ಕೊಟ್ಟವು. ಒಬ್ಬ ಗಾಯಕ ಮಾತ್ರ ಹಳಬ, ಉಳಿದವರು ಬಾಡಿಗೆಯವರು. ಹುಡುಕಿದಾಗ ಮೊದಲು ಬರುವುದು ಒಮ್ಮೊಮ್ಮೆ ಅದೇ. ಡ್ರಮ್ಸ್ ಸದ್ದು ವಿಪರೀತ ನುಣುಪಾಗಿದ್ದರೆ, ಹಿಂದೆ ಸಿಂಥಸೈಜರ್ ಗುನುಗಿದರೆ ಅಲ್ಲೇ ಬಿಟ್ಟು ಮುಂದೆ ಹೋಗಿ. ಎರಡನೆಯದು ಸ್ಟೀರಿಯೋ. ಆ ಸಿಂಗಲ್‌ಗಳನ್ನು ಮನಸ್ಸಿಟ್ಟು ಮಿಕ್ಸ್ ಮಾಡಿದ್ದು ಮಾನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಹಾಗೆ. ಸ್ಟೀರಿಯೋ ಎಂದು ಆಮೇಲೆ ಕೊಟ್ಟದ್ದು ಎಷ್ಟೋ ಸಲ ವಾದ್ಯವೆಲ್ಲ ಎಡಗಿವಿಗೆ, ದನಿಯೆಲ್ಲ ಬಲಗಿವಿಗೆ. ಗಂಡ ಹೆಂಡತಿ ಜಗಳವಾಡಿ ಬೇರೆ ಬೇರೆ ಕೋಣೆಯಲ್ಲಿ ಕೂತ ಹಾಗೆ. ಫೋನಿನಲ್ಲಿ ಮಾನೋ ಆಡಿಯೋ ಆಯ್ಕೆ ಇರುತ್ತದೆ, ಅದನ್ನು ಹಾಕಿದರೂ ಅರ್ಧ ಗುಣ. ಮಾನೋ ಎಂದು ನಮೂದಿಸಿದ ಮರುಮುದ್ರಣ ಸಿಕ್ಕರೆ ಪೂರ್ತಿ ಗುಣ.

ಹೆಸರಿನ ಗೊಂದಲವೂ ಇದೆ. ಔಟ್‌ಸೈಡರ್ಸ್ ಎಂದರೆ ಆಮ್‌ಸ್ಟರ್‌ಡ್ಯಾಮಿನವರೂ ಇದ್ದಾರೆ, ಅಮೆರಿಕದ ಕ್ಲೀವ್‌ಲ್ಯಾಂಡಿನವರೂ ಇದ್ದಾರೆ. ವಾಲಿ ಟ್ಯಾಕ್ಸ್ ಹಾಡುವ ಡಚ್ಚರೇ ನಿಮಗೆ ಬೇಕಾದವರು, ಹಾಡಿನಿಂದ ಹಾಡಿಗೆ ಏನು ಮಾಡುತ್ತಾರೆಂದು ಹೇಳಲಾಗದ ಗುಂಪು. ಹೆಸರಿನ ಈ ತಂಟೆ ಆಗಲೇ ಇತ್ತು ಅನ್ನಿ. 1965ರಲ್ಲಿ ಅಮೆರಿಕದ ಬರ್ಡ್ಸ್ (Byrds) ಲಂಡನ್ನಿನಲ್ಲಿ ಇಳಿದಾಗ, ಅದೇ ಉಚ್ಚಾರದ, ಬೇರೆ ಕಾಗುಣಿತದ (Birds) ಇಂಗ್ಲಿಷ್ ಬರ್ಡ್ಸ್‌ನವರ ಮ್ಯಾನೇಜರ್ ವಿಮಾನ ನಿಲ್ದಾಣದಲ್ಲೇ ಅವರ ಕೈಗೆ ಕೋರ್ಟಿನ ನೋಟಿಸು ಕೊಡಿಸಿದ. ಪತ್ರಿಕೆಗಳಲ್ಲಿ ಹೆಸರು ಬಂತು, ಬೇರೇನೂ ಗಿಟ್ಟಲಿಲ್ಲ. ಆ ಇಂಗ್ಲಿಷ್ ಗುಂಪಿನ ಗಿಟಾರ್ ವಾದಕ ರಾನಿ ವುಡ್, ಈಗ ರೋಲಿಂಗ್ ಸ್ಟೋನ್ಸ್‌ನಲ್ಲಿರುವವರು. ಕನ್ನಡದಲ್ಲಿ ಬರೆದರೆ ಎರಡೂ ಬರ್ಡ್ಸೇ, ಆದ್ದರಿಂದ ಹುಡುಕುವಾಗ ನೋಡಿಕೊಳ್ಳಿ.

ಇಂಗ್ಲೆಂಡ್–ಅಮೆರಿಕ ಬಿಟ್ಟು ಬೇರೆಡೆಯೂ ಕಿವಿ ಹಾಯಿಸಿ. ಉರುಗ್ವೆಯ ಮಾಂಟೆವಿಡಿಯೋದಲ್ಲಿ ಫಟ್ಟೊರುಸೊ ಸಹೋದರರ ಲೋಸ್ ಶೇಕರ್ಸ್ ಇದ್ದರು. ಸಿನಿಮಾದಲ್ಲಿ ಬೀಟಲ್ಸ್ ನೋಡಿ ಸೂಟು, ಕೂದಲು, ಇಂಗ್ಲಿಷ್ ಎಲ್ಲ ಎತ್ತಿಕೊಂಡವರು, ಆದರೆ ಅಣ್ಣತಮ್ಮ ಇಬ್ಬರೂ ಜಾಝ್ ಬಲ್ಲವರಾದ್ದರಿಂದ ನಕಲಿನೊಳಗಿಂದಲೇ ಬೇರೇನೋ ಹೊರಟಿತು. ಲಿವರ್‌ಪೂಲ್‌ನಿಂದಲೇ ಹೊರಟ ನಾಲ್ವರು ಹುಡುಗಿಯರ ಲಿವರ್‌ಬರ್ಡ್ಸ್ 1964ರಲ್ಲಿ ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್ಬಿಗೆ ಹೋಗಿ ಅಲ್ಲೇ ಹೆಸರು ಮಾಡಿದರು. ತಮ್ಮ ಊರಿನಲ್ಲಿ ಅವರ ಹೆಸರು ಕೇಳಿದವರು ಕಡಿಮೆ, ದೀಪದ ಬುಡದಲ್ಲಿ ಕತ್ತಲು ಇದ್ದೇ ಇರುತ್ತದೆ.

80ರ ದಶಕದ ಗಿಟಾರ್ ಪಾಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 60ರ ಸಿಂಗಲ್‌ಗಳ ನಿಜವಾದ ವಾರಸುದಾರರು ಇರುವುದು ಅಲ್ಲಿ. ನ್ಯೂಜಿಲೆಂಡಿನ ಡನೀಡನ್‌ನ ದಿ ಕ್ಲೀನ್ 1981ರಲ್ಲಿ 'ಟ್ಯಾಲಿ ಹೋ' ರೆಕಾರ್ಡ್ ಮಾಡಿದ್ದು ಸುಮಾರು 50 ಡಾಲರಿನಲ್ಲಿ, ಆಗಷ್ಟೇ ಹುಟ್ಟಿದ್ದ ಫ್ಲೈಯಿಂಗ್ ನನ್ ಎಂಬ ಸಣ್ಣ ಲೇಬಲ್‌ಗಾಗಿ. ಅದು ದೇಶದ ಮೊದಲ ಇಪ್ಪತ್ತರೊಳಗೆ ಬಂತು. ಅದೇ ಊರಿನ ಚಿಲ್ಸ್‌ನವರ 'ಪಿಂಕ್ ಫ್ರಾಸ್ಟ್' ರಾತ್ರಿ ಒಬ್ಬರೇ ಇರುವಾಗ ಕೇಳಬೇಡಿ ಎಂದು ಎಚ್ಚರಿಸುವಷ್ಟು ತಣ್ಣಗಿನ ಹಾಡು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1987ರಲ್ಲಿ ಶುರುವಾದ ಸಾರಾ ರೆಕಾರ್ಡ್ಸ್ ಏಳು ಇಂಚಿನ ತಟ್ಟೆಯನ್ನೇ ನೆಚ್ಚಿಕೊಂಡಿತು. ಸಿಂಗಲ್ ಕೊಂಡವರಿಂದ ಅದೇ ಹಾಡಿಗೆ ಆಲ್ಬಂನಲ್ಲಿ ಮತ್ತೆ ದುಡ್ಡು ಕೀಳುವುದು ಅವರಿಗೆ ಸೇರುತ್ತಿರಲಿಲ್ಲ. 1995ರಲ್ಲಿ ನೂರನೇ ನಂಬರ್ ತಲುಪಿದ ಕೂಡಲೇ ಲೇಬಲ್ ಮುಚ್ಚಿಬಿಟ್ಟರು. ಚೆನ್ನಾಗಿ ನಡೆಯುತ್ತಿದ್ದಾಗಲೇ.

ಎಲ್ಲಿಂದ ಶುರು ಎಂಬುದಕ್ಕೆ ಈ ವಾರದ ಪಟ್ಟಿ ಇಷ್ಟು: ಸೋಮವಾರ ಸರ್ಚರ್ಸ್‌ನ ಆ ಕಿರುಗುಟ್ಟುವ ಪೆಡಲ್. ಮಂಗಳವಾರ ಹನಿಕೋಂಬ್ಸ್‌ನ ಮೆಟ್ಟಿಲು. ಬುಧವಾರ ಟ್ರಾಗ್ಸ್‌ನ ಹಿಂಬದಿ. ಗುರುವಾರ ಕ್ರಿಯೇಷನ್. ಶುಕ್ರವಾರ ನರ್ವ್ಸ್ ಎಂಬ ಲಾಸ್ ಏಂಜಲೀಸ್‌ನ ಮೂವರ ಗುಂಪು 1976ರಲ್ಲಿ ತಂದ ನಾಲ್ಕೇ ಹಾಡಿನ ತಟ್ಟೆ. ಅದರ ಮೊದಲ ಹಾಡು 'ಹ್ಯಾಂಗಿಂಗ್ ಆನ್ ದಿ ಟೆಲಿಫೋನ್' ಎರಡು ವರ್ಷದ ನಂತರ ಬ್ಲಾಂಡಿ ಕೈಯಲ್ಲಿ ಗೆದ್ದದ್ದನ್ನು ನೀವು ಕೇಳಿಯೇ ಇರುತ್ತೀರಿ, ಮೂಲದ್ದು ಇನ್ನಷ್ಟು ಅವಸರದ್ದು, ಫೋನ್ ಇಟ್ಟುಬಿಟ್ಟಾರು ಎಂಬ ಭಯದಲ್ಲಿ ಹಾಡಿದಂತಿದೆ. ಶನಿವಾರ ಬಿಗ್ ಸ್ಟಾರ್. ಭಾನುವಾರ ಹೊಸದೇನೂ ಬೇಡ, ಆರರಲ್ಲಿ ಯಾವುದು ತಾನಾಗಿ ಬಾಯಿಗೆ ಬರುತ್ತದೋ ನೋಡಿ, ಮುಂದಿನ ವಾರ ಅದರ ಪ್ರೊಡ್ಯೂಸರ್ ಹೆಸರು ಹಿಡಿದುಕೊಂಡು ಹೊರಡಿ. ಆರೂ ನೆನಪಿಗೆ ಬಾರದಿದ್ದರೆ ಮತ್ತೆ ಬರೆಯಿರಿ, ಬೇರೆ ಆರು ಕೊಡುತ್ತೇನೆ.